ಎಂಟು ತೂತಿನ ಡಬ್ಬಿ

ಆ ಮನೆಯಲ್ಲಿ ಐದು ಜನ, ನಾಲ್ಕು ಕಂಪ್ಯೂಟರು, ಒಂದೇ ಇಂಟರ್ನೆಟ್ಟು. ಜಗಳಕ್ಕೆ ಇನ್ನೇನು ಬೇಕು?

ಮೊದಲನೇ ಕಂಪ್ಯೂಟರು ಸೊಸೆಯದು. ನೀರು ಶುದ್ಧ ಮಾಡುವ ಯಂತ್ರ ಮಾರುವ ಕಂಪನಿಯೊಂದರಲ್ಲಿ ಅವಳಿಗೆ ದೂರು ಕೇಳುವ ಕೆಲಸ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಹಿಂದಿನ ರೂಮಿನಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತು, "ಒಂದು ಸಲ ಆಫ್ ಮಾಡಿ ಆನ್ ಮಾಡ್ತೀರಾ ಸಾರ್?" ಅಂತ ಕಂಡವರಿಗೆಲ್ಲ ಹೇಳಬೇಕು. ಕರೆ ಬರುತ್ತಿದ್ದದ್ದು ಕಂಪ್ಯೂಟರಿಗೇ. ನೆಟ್ ಹೋಯಿತೋ, ಕರೆಯೂ ಹೋಯಿತು. ಎರಡನೆಯದು ಗಂಡನ ಲ್ಯಾಪ್‌ಟಾಪು. ಅವನು ಕಟ್ಟಡಗಳ ನಕ್ಷೆ ಬರೆಯುವವನು. ಬಾಡಿಗೆ ಉಳಿಸೋಕೆ ಅಂತ ಅವನ ಆಫೀಸಿನವರು ಬಾಗಿಲು ಹಾಕಿ ಎಲ್ಲರನ್ನೂ ಮನೆಗೆ ಅಟ್ಟಿದ್ದರು. ಮಂಗಳವಾರ ಶುಕ್ರವಾರ ಲ್ಯಾಪ್‌ಟಾಪು ಹೆಗಲಿಗೇರಿಸಿಕೊಂಡು ಕಟ್ಟಡದ ಜಾಗಕ್ಕೆ ಹೋಗುತ್ತಿದ್ದ. ಉಳಿದ ದಿನ ನಡುಮನೆಯ ಮೇಜೇ ಅವನ ಆಫೀಸು. ಮೂರನೆಯದು ನಾದಿನಿಯದು. ಮದುವೆ ವಿಷಯ ಎತ್ತಿದರೆ ಸಿಡಿದು ಬೀಳುವ ಅವಳು, ಮಕ್ಕಳಿಗೆ ಕಂಪ್ಯೂಟರಿನಲ್ಲೇ ಲೆಕ್ಕ ಹೇಳಿಕೊಡುತ್ತಿದ್ದಳು. ನಾಲ್ಕನೆಯದು ಮಾವನ ಹಳೇ ಡಬ್ಬ. ಅದರಲ್ಲಿ ಅವರು ಗುರುತು ಪರಿಚಯ ಇಲ್ಲದವರ ಜೊತೆ ಚದುರಂಗ ಆಡಿ, ಸೋತು, "ಈ ನನ್ಮಗ ಮೋಸ ಮಾಡ್ದ" ಅನ್ನುತ್ತಿದ್ದರು. ಇನ್ನು ಐದನೆಯವರು ಅತ್ತೆ. ಅವರಿಗೆ ಕಂಪ್ಯೂಟರಿರಲಿಲ್ಲ, ಮಂಡಿನೋವಿತ್ತು.

ಗಂಡ ಮನೆಗೆ ಬಂದು ಕೂತ ಮೊದಲನೇ ವಾರವೇ ಗೊತ್ತಾಯಿತು, ಗಾಳಿಯಲ್ಲಿ ಬರುವ ನೆಟ್ಟು ನಾಲ್ಕು ಜನಕ್ಕೆ ಸಾಲದು ಅಂತ. ಹಿಂದಿನ ರೂಮಿಗೆ ಬರುವಷ್ಟರಲ್ಲಿ ಅದಕ್ಕೆ ಉಸಿರೇ ಇರುತ್ತಿರಲಿಲ್ಲ.

"ವೈರ್ ಎಳೀಬೇಕು," ಅಂದರು ಮಾವ. ಮೂವತ್ತನಾಲ್ಕು ವರ್ಷ ಟೆಲಿಫೋನ್ ಲೈನ್‌ಮನ್ ಆಗಿ ಕಂಬ ಹತ್ತಿದ ಮನುಷ್ಯ. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಬೀದಿಯಲ್ಲಿ ನಡೆಯುವಾಗ ಕಣ್ಣು ಮೇಲೇ. "ಗಾಳೀಲಿ ಬರೋದನ್ನ ಗಾಳಿಗೇ ಬಿಡಬೇಕು. ತಂತಿ ಅಂದ್ರೆ ತಂತಿ."

"ಯಾರನ್ನಾದ್ರೂ ಕರೆಸೋಣ ಅಪ್ಪ," ಅಂದ ಮಗ.

"ಯಾರನ್ನೋ? ನನಗೇ ಹೇಳ್ತೀಯಾ?"

"ಈ ವಯಸ್ಸಲ್ಲಿ ಏಣಿ ಹತ್ತಿದ್ರೆ ನೋಡಿ ಮತ್ತೆ!" ಅಂತ ಅತ್ತೆ ಅಡಿಗೆಮನೆಯಿಂದಲೇ ಕೂಗಿದರು. ಅವರು ಕೂಗಿ ಮುಗಿಸುವಷ್ಟರಲ್ಲಿ ಮಾವ ಏಣಿ ಹತ್ತಿಯಾಗಿತ್ತು.

ಐದು ದಿನ ಮನೆ ಮನೆಯಾಗಿರಲಿಲ್ಲ. ಮಾವ ಒಂದು ಸುರುಳಿ ನೀಲಿ ಕೇಬಲ್ಲು, ಒಂದು ಪೊಟ್ಟಣ ಮೊಳೆ, ಎಂಟು ತೂತಿನ ಒಂದು ಡಬ್ಬಿ ತಂದರು. ಬೀದಿಯಿಂದ ಬರುವ ಲೈನು ಆ ಡಬ್ಬಿಗೆ, ಡಬ್ಬಿಯಿಂದ ಒಂದೊಂದು ರೂಮಿಗೂ ಒಂದೊಂದು ಕೇಬಲ್ಲು. ಗೋಡೆಯ ಅಂಚಿಗೆ ಒಂದೇ ಅಳತೆಗೆ ಮೊಳೆ ಹೊಡೆದು, ಬಾಗಿಲ ಮೇಲೆ ತಿರುಗಿಸಿ, ತೂಗುಹಾಕಿದ ಬಟ್ಟೆಯ ಹಾಗೆ ಎಲ್ಲೂ ಜೋಲದಂತೆ ಎಳೆದರು. ಸಿಮೆಂಟಿನ ಪುಡಿ ಅನ್ನದ ಮೇಲೆ ಬಿತ್ತು, ಬೇಳೆಯ ಮೇಲೆ ಬಿತ್ತು, ಅತ್ತೆಯ ಬಾಯಿಗೂ ಬಿತ್ತು. ಆದರೆ ಕೆಲಸ ಮುಗಿದ ಮೇಲೆ, ಅಬ್ಬಾ, ಏನು ಸ್ಪೀಡು! ಗಂಡ "ಬೆಣ್ಣೆ ಹಾಗಿದೆ ಅಪ್ಪ" ಅಂದ. ನಾದಿನಿ ಕೂಡ ಹೊಗಳಿದಳು. ಮಾವ ಡಬ್ಬಿಯ ಮುಂದೆ ಕುರ್ಚಿ ಹಾಕಿಕೊಂಡು, ಮಿಣುಕುವ ಹಸಿರು ದೀಪಗಳನ್ನು ಮೊಮ್ಮಕ್ಕಳನ್ನು ನೋಡುವ ಹಾಗೆ ನೋಡಿದರು.

"ಇದನ್ನ ನನ್ನ ಬಿಟ್ಟು ಯಾರೂ ಮುಟ್ಟಬಾರದು. ಗೊತ್ತಾಯ್ತಾ?"

ಗೊತ್ತಾಯಿತು. ಎರಡು ದಿನ ಎಲ್ಲ ಚೆನ್ನಾಗಿತ್ತು. ಮೂರನೇ ದಿನ, ಮಂಗಳವಾರ, ಸೊಸೆ ಯಾರಿಗೋ "ಪೈಪು ಎಲ್ಲಿ ಸೋರ್ತಿದೆ ಮೇಡಂ?" ಅಂತ ಕೇಳುತ್ತಿದ್ದಾಗ ಕರೆ ಪಟ್ಟಂತ ಕಡಿದುಹೋಯಿತು.

ನಡುಮನೆಗೆ ಓಡಿಬಂದಳು. ಆ ಕಡೆಯಿಂದ ನಾದಿನಿಯೂ ಓಡಿಬಂದಳು. ಮಾವ ಡಬ್ಬಿಯ ಮುಂದೆಯೇ ನಿಂತಿದ್ದರು.

"ನಮ್ಮದೇನೂ ತೊಂದರೆ ಇಲ್ಲ. ನೋಡಿ, ದೀಪ ಎಷ್ಟು ಜೋರಾಗಿ ಹೊಡ್ಕೋತಿದೆ! ಡಬ್ಬಿ ಚುರುಕಾಗೇ ಇದೆ. ಬೀದಿ ಲೈನೇ ಹೋಗಿದೆ," ಅಂದರು.

ಅದು ಇಡೀ ದಿನ ಬರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಗಂಡ ಬಂದು, ಕೈಕಾಲು ತೊಳೆದು, ಮೇಜಿನ ಮುಂದೆ ಲ್ಯಾಪ್‌ಟಾಪು ತೆಗೆದಿಟ್ಟು ಕೂತ. "ನೆಟ್ ಇಲ್ವಾ? ನನಗೆ ಬರ್ತಿದೆಯಲ್ಲ," ಅಂದ. ಹೋಗಿ ನೋಡಿದರೆ ನಿಜ. ಎಲ್ಲರಿಗೂ ಬರುತ್ತಿತ್ತು.

ಶುಕ್ರವಾರ ಮತ್ತೆ ಹೋಯಿತು. ಮುಂದಿನ ಮಂಗಳವಾರ ಮತ್ತೆ. ನೆಟ್ ಕಂಪನಿಯ ರಿಪೇರಿಯವನನ್ನು ಕರೆದರೆ ಅವನು ಬುಧವಾರ ಬಂದ. ಬುಧವಾರ ಎಲ್ಲ ಸರಿಯಾಗಿತ್ತು. ಮಾವನಿಗೂ ಅವನಿಗೂ ಅರ್ಧ ಗಂಟೆ ವಾಗ್ವಾದವಾಗಿ, ಅವನು ಕುಡಿಯಲು ಕೊಟ್ಟ ಟೀ ಅರ್ಧಕ್ಕೇ ಬಿಟ್ಟು ಹೋದ.

"ನನ್ನ ಮಗ ಮನೇಲಿದ್ರೆ ಎಲ್ಲ ಸರಿಯಾಗಿರುತ್ತೆ. ಅವನ ಕಾಲ್ಗುಣ," ಅಂದರು ಅತ್ತೆ.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಾದಿನಿ ಗೊಣಗಿದಳು. ಸೊಸೆಗೆ ನಗುವಷ್ಟು ಶಕ್ತಿ ಇರಲಿಲ್ಲ. ಅವಳ ತಲೆಯಲ್ಲಿದ್ದದ್ದು ಒಂದೇ ಲೆಕ್ಕ: ಮೂರು. ಅವಳ ಕಂಪನಿಯ ನಿಯಮ ಹಾಗಿತ್ತು. ತಿಂಗಳಲ್ಲಿ ಆರು ದಿನ ಲೈನು ಕೈಕೊಟ್ಟರೆ ಮನೆಯಿಂದ ಕೆಲಸ ಬಂದ್, ಆಫೀಸಿಗೇ ಬಂದು ಕೂರಬೇಕು. ಫೋನಿನ ನೆಟ್ಟು ಅವರಿಗೆ ಆಗದು. ಆಫೀಸಿಗೆ ಎರಡು ಬಸ್ಸು ಹಿಡಿಯಬೇಕು, ಎಂಟಕ್ಕೆ ಮುಂಚೆ ಮನೆ ಬಿಡಬೇಕು, ವಾಪಸ್ ಬರುವುದು ಏಳೂವರೆಗೆ. ಅತ್ತೆಯ ಮಂಡಿಯನ್ನು ನಂಬಿ ಮನೆ ಬಿಟ್ಟು ಹೋಗುವುದು ಹೇಗೆ? ಒಂದೂವರೆ ವರ್ಷದ ಹಿಂದೆ ಕಾಡಿ ಬೇಡಿ ಮನೆಯಿಂದ ಕೆಲಸಕ್ಕೆ ಒಪ್ಪಿಗೆ ಪಡೆದದ್ದೇ ಆ ಮಂಡಿಗಾಗಿ.

ಹಾಗಂತ ಮನೆಯಿಂದ ಕೆಲಸ ಸುಖದ್ದು ಅಂದುಕೊಳ್ಳಬೇಡಿ. ಬೆಲ್ ಬಾರಿಸಿದರೆ ಬಾಗಿಲು ತೆಗೆಯುವವಳು ಅವಳು. ಹಾಲು ಉಕ್ಕಿದರೆ ಓಡುವವಳು ಅವಳು. ಹನ್ನೊಂದಕ್ಕೆ ಅತ್ತೆಗೆ ಮಾತ್ರೆ, ಹನ್ನೆರಡಕ್ಕೆ ಬಿಸಿನೀರಿನ ಚೀಲ, ಒಂದಕ್ಕೆ ಎಲ್ಲರಿಗೂ ಊಟ, ಮೂರಕ್ಕೆ ನಾದಿನಿಗೆ ಟೀ. ಯಾಕೆ ನಾನೇ ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: "ನೀನು ಮನೇಲೇ ಇರ್ತೀಯಲ್ಲ." ಗಂಡನೂ ಮನೆಯಲ್ಲೇ ಇರುತ್ತಿದ್ದ, ಆದರೆ ಅವನು "ಕೆಲಸದಲ್ಲಿ" ಇರುತ್ತಿದ್ದ. ಕುಕ್ಕರಿನ ಸೀಟಿ ಕೇಳಿ ಒಬ್ಬ ಗಿರಾಕಿ, "ಏನಮ್ಮ, ರೈಲ್ವೆ ಸ್ಟೇಷನ್ನಲ್ಲಿ ಕೂತಿದೀರಾ?" ಅಂತ ಕೇಳಿದ್ದ. ಎರಡು ಕರೆಗಳ ನಡುವೆ ಒಲೆಯ ಪಕ್ಕ ನಿಂತೇ ನಾಲ್ಕು ತುತ್ತು ನುಂಗುವುದು ಅವಳ ಊಟ.

ನಾಲ್ಕನೇ ದಿನವೂ ಹೋಯಿತು, ಐದನೆಯದೂ ಹೋಯಿತು. ಐದನೆಯ ದಿನ ಸಂಜೆ ನಾದಿನಿ ಕಾಲು ಕೆರೆದುಕೊಂಡು ಬಂದಳು.

"ಅತ್ತಿಗೆ, ನಿಮ್ಮ ಕಂಪ್ಯೂಟರು ಬೆಳಿಗ್ಗೆಯಿಂದ ಸಂಜೆವರೆಗೂ ಆನ್ ಇರುತ್ತೆ. ಇರೋ ನೆಟ್ಟನ್ನೆಲ್ಲ ಅದೇ ಕುಡಿಯುತ್ತೆ."

"ನನ್ನದು ಬರೀ ಮಾತು. ನಿನ್ನದು ಇಪ್ಪತ್ತು ಮಕ್ಕಳ ಮುಖ. ಕುಡಿಯೋದು ಯಾವುದು?"

"ಆ ಮಕ್ಕಳ ಅಪ್ಪ ಅಮ್ಮಂದಿರು ನನಗೆ ಫೋನ್ ಮಾಡಿ ಬೈತಾರೆ. ನಿಮಗೇನು? ಸಂಬಳ ಬರುತ್ತೆ."

"ಬರುತ್ತಾ? ಇನ್ನೊಂದು ದಿನ ಹೋದ್ರೆ ನಾನು ಎರಡು ಬಸ್ಸು ಹತ್ತಬೇಕು. ಆಗ ನಿನ್ನ ಮೂರು ಗಂಟೆ ಟೀ ನೀನೇ ಮಾಡ್ಕೋ."

"ಟೀ ಲೆಕ್ಕ ಹೇಳ್ತಿದ್ದಾಳೆ ನೋಡಮ್ಮಾ!"

"ಇಬ್ಬರೂ ಬಾಯಿ ಮುಚ್ಚಿ," ಅಂದರು ಅತ್ತೆ. "ಅವಳು ಬಸ್ಸು ಹತ್ತಿದ್ರೆ ನನ್ನ ಗತಿ ಏನು ಅಂತ ಯಾರಾದ್ರೂ ಯೋಚನೆ ಮಾಡಿದ್ರಾ?"

ಗಂಡ ಒಂದು ಹಾಳೆ ತೆಗೆದು ವೇಳಾಪಟ್ಟಿ ಬರೆದ. ಬೆಳಿಗ್ಗೆ ಇವರದು, ಮಧ್ಯಾಹ್ನ ಅವರದು ಅಂತ ಗೆರೆ ಎಳೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಒಂಬತ್ತರಿಂದ ಆರರವರೆಗೆ ಬರುವ ಕರೆಗೆ ಬೆಳಿಗ್ಗೆ ಮಧ್ಯಾಹ್ನ ಅಂತ ಯಾರು ಹೇಳಬೇಕು? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಸೊಸೆ ಆ ಹಾಳೆಯನ್ನು ಓದಲೂ ಇಲ್ಲ.

ಗುರುವಾರ ಅವಳ ಮೇಲ್ವಿಚಾರಕಿ ಫೋನ್ ಮಾಡಿದಳು. ಕೆಟ್ಟವಳಲ್ಲ, ಗಂಟಲು ಮಾತ್ರ ದಪ್ಪ. "ನೋಡಿ, ಐದಾಗಿದೆ. ಆರಾದ್ರೆ ನನ್ನ ಕೈಯಲ್ಲೇನೂ ಇರಲ್ಲ. ನಿಮ್ಮನೇಲಿ ಶುಕ್ರವಾರ ಹೋಗುತ್ತೆ ಅಂತೀರಲ್ಲ, ನಾಳೆ ಒಂದಿನ ಆಫೀಸಿಗೇ ಬಂದುಬಿಡಿ. ಲೆಕ್ಕಕ್ಕೆ ಸೇರಲ್ಲ."

ಹೋದಳು. ಐದಕ್ಕೆ ಎದ್ದು, ಅನ್ನ ಬೇಳೆ ಮಾಡಿಟ್ಟು, ಮಾತ್ರೆ ಎಣಿಸಿ ಬಟ್ಟಲಲ್ಲಿ ಹಾಕಿಟ್ಟು, ಬ್ರೆಡ್ಡಿನ ನಡುವೆ ಮೊಟ್ಟೆ ಇಟ್ಟು ಕಟ್ಟಿಕೊಂಡು ಹೋದಳು. ಮೊದಲನೇ ಬಸ್ಸಿನಲ್ಲಿ ನಿಲ್ಲಬೇಕಾಯಿತು. ಎರಡನೆಯದರಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ನಲವತ್ತು ನಿಮಿಷ ಯಾರೂ ಅವಳನ್ನು ಕರೆಯಲಿಲ್ಲ. ಅವಳಿಗೆ ಮೊದಲು ಏನೋ ಮರೆತುಬಂದೆ ಅನ್ನಿಸಿತು. ಚೀಲ ಎರಡು ಸಲ ತಡಕಿ ನೋಡಿದಳು. ಏನೂ ಮರೆತಿರಲಿಲ್ಲ.

ಆಫೀಸಿನಲ್ಲಿ ಐವತ್ತಮೂರು ಕರೆ ತೆಗೆದುಕೊಂಡಳು. ಒಂದು ಗಂಟೆಗೆ ಊಟದ ಬಿಡುವು. ಅರ್ಧ ಗಂಟೆ, ಗಡಿಯಾರದಲ್ಲಿ ಎಣಿಸಿ ಅರ್ಧ ಗಂಟೆ. ಪಕ್ಕದ ಮೇಜಿನವಳು, ತಲೆಯೆಲ್ಲ ನರೆತ ಹಳೇ ಕೆಲಸದವಳು, "ಕೊಡಿ ಇಲ್ಲಿ, ಬಿಸಿ ಮಾಡಿಕೊಡ್ತೀನಿ," ಅಂತ ಊಟದ ಡಬ್ಬಿ ಇಸಿದುಕೊಂಡು ಹೋಗಿ ಬಿಸಿ ಮಾಡಿ ತಂದಳು. ಯಾವಾಗಲೋ ಬೆಂದ ಮೊಟ್ಟೆ, ಮೆತ್ತಗಾದ ಬ್ರೆಡ್ಡು. ಅದನ್ನು ತಿನ್ನುತ್ತಾ ಸೊಸೆಯ ಕಣ್ಣು ತುಂಬಿತು.

"ಯಾಕಮ್ಮ, ಬಾಯಿ ಸುಟ್ಟಿತಾ?"

"ಹೂಂ," ಅಂದಳು.

ಸಂಜೆ ಏಳೂವರೆಗೆ ಮನೆ ಮುಟ್ಟಿದಾಗ ಪಾದ ಊದಿತ್ತು. ಬಾಗಿಲು ತೆಗೆದ ನಾದಿನಿ, "ಇವತ್ತೂ ಇಡೀ ದಿನ ಇಲ್ಲ ಅತ್ತಿಗೆ! ನಿಮ್ಮ ಕಂಪ್ಯೂಟರು ಆನ್ ಆಗೇ ಇಲ್ಲ, ಆದ್ರೂ ಇಲ್ಲ!" ಅಂದಳು. ತಪ್ಪಾಯಿತು ಅನ್ನುವ ಜಾಯಮಾನದವಳಲ್ಲ. ಇಷ್ಟೇ ಅವಳ ಕ್ಷಮಾಪಣೆ. ಗಂಡ ಇನ್ನೂ ಬಂದಿರಲಿಲ್ಲ. ಮಾವ ಬೀದಿ ಕಂಬ ನೋಡಿಬರಲು ಹೊರಗೆ ಹೋಗಿದ್ದರು.

ಸೊಸೆ ಚಪ್ಪಲಿ ಬಿಟ್ಟು ನೇರ ಡಬ್ಬಿಯ ಮುಂದೆ ಕೂತಳು. ದಿನವಿಡೀ ಯಾವ ಪೈಪು ಎಲ್ಲಿಂದ ಎಲ್ಲಿಗೆ ಅಂತ ಕೇಳಿ ಕೇಳಿ ಬಂದವಳಲ್ಲವೇ, ಅದನ್ನೇ ಇಲ್ಲೂ ಮಾಡಿದಳು. ಒಂದೊಂದು ಕೇಬಲ್ಲಿನ ಮೇಲೂ ಬೆರಳಿಟ್ಟು ಹೋದಳು. ಇದು ಬೀದಿಯಿಂದ ಬಂದದ್ದು. ಇದು ನನ್ನ ರೂಮಿಗೆ. ಇದು ನಾದಿನಿಗೆ, ಇದು ಮಾವನ ಚದುರಂಗಕ್ಕೆ. ಇದು ಗಂಡನ ಮೇಜಿಗೆ. ಐದು. ಆದರೆ ಡಬ್ಬಿಯಲ್ಲಿ ಚುಚ್ಚಿದ್ದದ್ದು ಆರು. ಗಂಡನ ಮೇಜಿಗೆ ಹೋದ ಕೇಬಲ್ಲು ಮೇಜಿನ ಕಾಲು ಸುತ್ತಿ, ತಿರುಗಿ, ಮತ್ತೆ ಅದೇ ಡಬ್ಬಿಯ ಇನ್ನೊಂದು ತೂತಿಗೇ ಬಂದು ಸೇರಿತ್ತು. ಒಂದು ತುದಿ ಎಳೆದಳು. ಹುಚ್ಚು ಹಿಡಿದ ಹಾಗೆ ಹೊಡೆದುಕೊಳ್ಳುತ್ತಿದ್ದ ದೀಪಗಳೆಲ್ಲ ಒಮ್ಮೆಲೇ ತಣ್ಣಗಾಗಿ, ನಿಧಾನಕ್ಕೆ ಮಿಣುಕತೊಡಗಿದವು.

"ಬಂತು! ನೆಟ್ ಬಂತು!" ಅಂತ ಒಳಗಿನಿಂದ ನಾದಿನಿ ಕೂಗಿದಳು.

ತಲೆಯೆತ್ತಿದರೆ ಬಾಗಿಲಲ್ಲಿ ಮಾವ. ಸೊಸೆಯ ಕೈಯಲ್ಲಿದ್ದ ತುದಿಯನ್ನು ನೋಡಿದರು. ಡಬ್ಬಿಯನ್ನು ನೋಡಿದರು. ಲೈನ್‌ಮನ್‌ಗೆ ಬಿಡಿಸಿ ಹೇಳಬೇಕೆ?

"ಅದು ನಾನು ಹಾಕಿದ್ದು," ಅಂದರು. ಅಲ್ಲೇ ಕುರ್ಚಿಯಲ್ಲಿ ಕುಸಿದರು. "ಅವನು ಲ್ಯಾಪ್‌ಟಾಪ್ ತಗೊಂಡು ಹೋದ ದಿನ ಆ ತುದಿ ನೆಲದ ಮೇಲೆ ಬಿದ್ದಿರ್ತಿತ್ತು ಕಣಮ್ಮ. ಬಿಟ್ಟ ತುದಿ ನೋಡಿದ್ರೆ ನನ್ನ ಕೈ ಸುಮ್ಮನಿರಲ್ಲ. ಕೆಲಸಕ್ಕೆ ಸೇರಿದ ಮೊದಲನೇ ದಿನ ಹೇಳಿಕೊಟ್ಟ ಪಾಠ ಅದು, ತಂತಿ ತುದಿ ಖಾಲಿ ಬಿಡಬೇಡ, ಎಲ್ಲಾದ್ರೂ ಕಟ್ಟು ಅಂತ. ಖಾಲಿ ತೂತು ಇತ್ತು, ಚುಚ್ಚಿದೆ. ಸಂಜೆ ಅವನು ಬಂದು ಕಿತ್ತು ತನ್ನದಕ್ಕೆ ಹಾಕ್ಕೋತಿದ್ದ."

"ಅದಕ್ಕೇ ಅವರು ಬಂದ ತಕ್ಷಣ ಸರಿಹೋಗ್ತಿತ್ತು."

"ಡಬ್ಬಿಯಿಂದ ಹೊರಟ ಮಾತು ಡಬ್ಬಿಗೇ ವಾಪಸ್ ಬಂದು ಸುತ್ತಿದೆ. ಹೊರಗೆ ಹೋಗೋಕೆ ದಾರಿ ಎಲ್ಲಿ?" ಮಾವ ಆ ತುದಿಯನ್ನು ಅವಳ ಕೈಯಿಂದ ತೆಗೆದುಕೊಂಡರು. "ಐದು ದಿನ. ನಿನ್ನ ಐದು ದಿನ ನಾನೇ ತಿಂದೆ."

"ಹೋಗಲಿ ಬಿಡಿ ಮಾವ."

ಅವಳು ಯಾರಿಗೂ ಹೇಳುವವಳಲ್ಲ. ಮಾವನೇ ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಮುಂದೆ ಒಪ್ಪಿಕೊಂಡರು. ಆಮೇಲೆ ಕೇಳಬೇಕೆ? ಅತ್ತೆ ಹಣೆ ಹಣೆ ಚಚ್ಚಿಕೊಂಡರು. "ಊರಿಗೆಲ್ಲ ಬುದ್ಧಿ ಹೇಳಿದ್ರಿ, ರಿಪೇರಿಯವನ ಮಾನ ಕಳೆದ್ರಿ, ಕಳ್ಳನ್ನ ನೋಡಿದ್ರೆ ಮನೇಲೇ!" ನಾದಿನಿ ನಕ್ಕು ನಕ್ಕು ಕೆಮ್ಮಿದಳು. ಗಂಡ ಅಪ್ಪನ ಬೆನ್ನು ತಟ್ಟಿ, ಹೆಂಡತಿಯ ಕಡೆ ತಿರುಗಿ, "ಸರಿಹೋಯ್ತಲ್ಲ! ಇನ್ನು ನೀನು ಹಾಯಾಗಿ ಮನೇಲಿರು," ಅಂದ.

"ಅದೇ ಮತ್ತೆ," ಅಂದರು ಅತ್ತೆ. "ಇವತ್ತು ಒಂದು ದಿನಕ್ಕೇ ಮನೆ ಹಾಳುಬಿದ್ದಿತ್ತು. ನೆಲ ಒರೆಸಿಲ್ಲ. ನಾಳೆ ಪರದೆಗಳನ್ನೂ ಇಳಿಸಿ ಒಗೆದುಬಿಡಮ್ಮ, ಸಿಮೆಂಟಿನ ಧೂಳು ಹಾಗೇ ಕೂತಿದೆ. ನೀನು ಮನೇಲೇ ಇರ್ತೀಯಲ್ಲ."

"ಅತ್ತಿಗೆ, ಸೋಮವಾರದಿಂದ ನನ್ನ ಕ್ಲಾಸು ಹನ್ನೊಂದಕ್ಕೆ. ಟೀ ಹತ್ತೂವರೆಗೇ ಕೊಟ್ಟುಬಿಡಿ."

ಸೊಸೆ ಅನ್ನದ ಪಾತ್ರೆ ಹಿಡಿದು ನಿಂತಿದ್ದಳು. ಆಗಲಿ ಅಂದಳು.

ಮರುದಿನ ಶನಿವಾರ. ಬೆಳಿಗ್ಗೆಯೆಲ್ಲ ಪರದೆ ಒಗೆದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವಳ ಫೋನು ಬಡಿದುಕೊಂಡಿತು. ಎರಡೂ ಕೈಯಲ್ಲಿ ಪಾತ್ರೆ ಇತ್ತು. ಗಂಡನೇ ಫೋನೆತ್ತಿ, ಎಲ್ಲರಿಗೂ ಕೇಳುವ ಹಾಗೆ ಒತ್ತಿ ಮೇಜಿನ ಮೇಲಿಟ್ಟ. ಮೇಲ್ವಿಚಾರಕಿಯ ದಪ್ಪ ಗಂಟಲು ನಡುಮನೆಯನ್ನೆಲ್ಲ ತುಂಬಿತು.

"ನೋಡಿ, ನಿಮಗೋಸ್ಕರ ಮೇಲಿನವರ ಹತ್ರ ಮಾತಾಡಿದೀನಿ. ಮನೆ ಲೈನು ಪೂರ್ತಿ ಸರಿಹೋಗಿದೆ ಅಂತ ನೀವು ಒಂದು ಮಾತು ಹೇಳಿ, ಆ ಐದು ದಿನ ಹೊಡೆದುಹಾಕ್ತೀನಿ. ಸರಿಹೋಗಿಲ್ಲ ಅಂದ್ರೆ ಸೋಮವಾರದಿಂದ ಇಲ್ಲೇ ಸೀಟು. ಮತ್ತೆ ಮನೆಯಿಂದ ಕೆಲಸ ಅಂತ ಕೇಳೋ ಹಾಗಿಲ್ಲ. ಏನು ಬರ್ಕೊಳ್ಳಲಿ?"

ಗಂಡ ಹೆಬ್ಬೆರಳೆತ್ತಿ ತೋರಿಸಿದ. ಅತ್ತೆ "ಹೇಳು ಹೇಳು" ಅಂತ ಕಣ್ಸನ್ನೆ ಮಾಡಿದರು. ಸೊಸೆ ಪಾತ್ರೆ ಕೆಳಗಿಟ್ಟಳು. ಒಂದೂವರೆ ವರ್ಷದ ಸುಸ್ತು ಒಟ್ಟಿಗೆ ಮೇಲೆ ಬಂತು.

"ಇಲ್ಲ ಮೇಡಂ," ಅಂದಳು. "ಸರಿಹೋಗಿಲ್ಲ."

"ಹಾಗಾದ್ರೆ ಸೋಮವಾರ ಒಂಬತ್ತಕ್ಕೆ," ಅಂತ ಹೇಳಿ ಅವಳು ಫೋನಿಟ್ಟಳು.



"ಏನೇ ಇದು?" ಅಂದ ಗಂಡ. "ನಿನ್ನೆಯಿಂದ ಬೆಣ್ಣೆ ಹಾಗೆ ಬರ್ತಿದೆ! ಯಾಕೆ ಸುಳ್ಳು ಹೇಳ್ದೆ?"

"ಮತಿಗಿತಿ ಕೆಟ್ಟಿದೆಯಾ ಇವಳಿಗೆ?" ಅತ್ತೆ ಎದ್ದೇ ಬಿಡುವವರಿದ್ದರು, ಮಂಡಿ ಬಿಡಲಿಲ್ಲ. "ಈಗಲೇ ತಿರುಗಿ ಫೋನ್ ಮಾಡು. ಬಾಯಿ ತಪ್ಪಿ ಅಂದೆ ಅನ್ನು."

ಸೊಸೆಗೆ ಮುಖ ಎತ್ತಲಾಗಲಿಲ್ಲ. ಗಂಡನಿಗಲ್ಲ, ಅತ್ತೆಗಲ್ಲ, ಅವಳು ನಾಚಿದ್ದು ಮಾವನಿಗೆ. ಆ ಮನುಷ್ಯ ಐದು ದಿನ ಏಣಿ ಮೇಲೆ ನಿಂತು ಎಳೆದ ಲೈನು. ಅದು ಸರಿಯಿಲ್ಲ ಅಂತ ಅವರ ಮುಂದೆಯೇ ಹೇಳಿಬಿಟ್ಟಿದ್ದಳು.

"ಅಪ್ಪಾ, ನೀವೇ ಹೇಳಿ," ಅಂದ ಮಗ. "ಲೈನು ಸರಿಯಾಗಿದೆಯೋ ಇಲ್ವೋ?"

ಮಾವ ಅನ್ನ ಕಲಸುತ್ತಿದ್ದರು. ಕಲಸುವುದನ್ನು ನಿಲ್ಲಿಸಲಿಲ್ಲ.

"ಸರಿಯಿಲ್ಲ," ಅಂದರು.

"ನಿನ್ನೆ ನೀವೇ..."

"ನಿನ್ನೆ ಹೇಳಿದ್ದು ಡಬ್ಬಿ ವಿಷಯ. ಹಿಂದಿನ ರೂಮಿಗೆ ಎಳೆದ ಕೇಬಲ್ಲು ಗೋಡೆ ತಿರುವಿನಲ್ಲಿ ಒಳಗೇ ಮುರಿದಿದೆ. ಸುತ್ತಿಗೆ ಜೋರಾಗಿ ಬಿತ್ತು. ಕಣ್ಣೂ ಕಾಣಲ್ಲ, ಕೈಯೂ ನಡುಗುತ್ತೆ ಈಗ. ಹೋಗಿ ಬಂದು ಮಾಡ್ತಾನೇ ಇರುತ್ತೆ ಅದು. ನನ್ನ ಕೈಲಿ ಸರಿಮಾಡೋಕಾಗಲ್ಲ."

"ಬೇರೆಯವರನ್ನ ಕರೆಸಿದ್ರೆ..."

"ನಾನು ಎಳೆದ ಲೈನನ್ನ ಇನ್ನೊಬ್ಬ ಬಂದು ಮುಟ್ಟಬಾರದು," ಅಂತ ಗದರಿದರು ಮಾವ.

ಆ ಕೇಬಲ್ಲಿನಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲ ಅಂತ ಆ ಮನೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬರು ತಟ್ಟೆ ನೋಡುತ್ತಿದ್ದರು, ಇನ್ನೊಬ್ಬಳು ನೆಲ ನೋಡುತ್ತಿದ್ದಳು.

"ಹಾಗಾದ್ರೆ ಸೋಮವಾರದಿಂದ ಇಲ್ಲಿ ಯಾರು ನೋಡ್ಕೋತಾರೆ?" ಅತ್ತೆಯ ದನಿ ಇಳಿದಿತ್ತು. "ನನ್ನ ಮಾತ್ರೆ? ಅಡಿಗೆ? ಬಾಗಿಲು?"

ಗಂಡ ತಂಗಿಯ ಮುಖ ನೋಡಿದ. ತಂಗಿ ಅಣ್ಣನ ಮುಖ ನೋಡಿದಳು.

"ಮೂರು ಜನ ಮನೇಲೇ ಇರ್ತೀವಲ್ಲ," ಅಂದರು ಮಾವ. ಆಮೇಲೆ ಸೊಸೆಯ ಕಡೆ ತಿರುಗಿ, "ಬಸ್ಸು ಎಷ್ಟು ಗಂಟೆಗಮ್ಮ?" ಅಂತ ಕೇಳಿದರು.

"ಏಳೂ ಮುಕ್ಕಾಲಿಗೆ ಮಾವ," ಅನ್ನುವಷ್ಟರಲ್ಲಿ ಅವಳಿಗೆ ಅಳು ಬಂದುಬಿಟ್ಟಿತು.